ಸಂಪಾದಕರ ಉತ್ತರ: ಸಮವಸ್ತ್ರ ತೊಡದವರು ಸಮುದ್ರಯುದ್ಧದ ಇತಿಹಾಸ ಬರೆಯಬಹುದೇ?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಬ್ರಿಟಿಷ್ ನೌಕಾ ಇತಿಹಾಸಕಾರ ಸರ್ ಜೂಲಿಯನ್ ಕಾರ್ಬೆಟ್ ಅವರ ಬಗ್ಗೆ ಪ್ರಕಟವಾದ ಲೇಖನವನ್ನು ಓದಿ ಕಾರವಾರದಿಂದ ತಾವು ಬರೆದ ಪತ್ರ ತಲುಪಿದೆ. ನೌಕಾಪಡೆಯಿಂದ ನಿವೃತ್ತರಾದ ತಾವು, ಒಂದು ದಿನವೂ ಯುದ್ಧನೌಕೆಯಲ್ಲಿ ದುಡಿಯದ ವಕೀಲರೊಬ್ಬರು ಕ್ಯಾಪ್ಟನ್‌ಗಳಿಗೆ ರಣನೀತಿಯ ಪಾಠ ಹೇಳಿದ್ದು ದಡದಲ್ಲಿ ನಿಂತು ಈಜು ಕಲಿಸಿದಂತೆ ಎಂದಿದ್ದೀರಿ. ಇತಿಹಾಸದಲ್ಲಿ ಪದವಿ ಪಡೆದಿರುವ ತಮ್ಮ ಮೊಮ್ಮಗಳು ಇದೇ ದಾರಿ ಹಿಡಿಯುವುದಾಗಿ ಹಟ ಹಿಡಿದಿರುವುದರಿಂದ, ಇದು ನಿಜಕ್ಕೂ ಒಂದು ವೃತ್ತಿಯೇ ಎಂದೂ ಕೇಳಿದ್ದೀರಿ. ಎರಡೂ ಪ್ರಶ್ನೆಗಳಿಗೆ ಕಾರ್ಬೆಟ್ ಅವರ ಬದುಕಿನಲ್ಲಿಯೇ ಉತ್ತರವಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

1854ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕಾರ್ಬೆಟ್ ಕೇಂಬ್ರಿಜ್‌ನಲ್ಲಿ ಕಾನೂನು ಓದಿದರು, 1877ರಲ್ಲಿ ವಕೀಲರಾದರು, ಐದು ವರ್ಷಗಳಲ್ಲಿ ಆ ವೃತ್ತಿಯನ್ನು ಬಿಟ್ಟರು. ತಂದೆಯ ಆಸ್ತಿ ಇದ್ದುದರಿಂದ ಸಂಬಳದ ಚಿಂತೆ ಇರಲಿಲ್ಲ. ಪ್ರವಾಸ ಮಾಡಿದರು, ಕಾದಂಬರಿಗಳನ್ನು ಬರೆದರು. ಹದಿನಾರನೆಯ ಶತಮಾನದ ಇಂಗ್ಲಿಷ್ ನಾವಿಕ ಫ್ರಾನ್ಸಿಸ್ ಡ್ರೇಕ್ ಕುರಿತ ಒಂದು ಚಿಕ್ಕ ಜೀವನಚರಿತ್ರೆ 1890ರಲ್ಲಿ ಬಂತು. ಆ ಕೆಲಸ ಅವರನ್ನು ಹಳೆಯ ದಾಖಲೆಗಳತ್ತ ಎಳೆದುಕೊಂಡು ಹೋಯಿತು. 1898ರಲ್ಲಿ ಡ್ರೇಕ್ ಮತ್ತು ಟ್ಯೂಡರ್ ಕಾಲದ ನೌಕಾಪಡೆಯ ಬಗ್ಗೆ ಅವರ ಎರಡು ಸಂಪುಟಗಳು ಹೊರಬಂದಾಗ ಅವರು ಗಂಭೀರ ಇತಿಹಾಸಕಾರರೆಂಬುದರಲ್ಲಿ ಯಾರಿಗೂ ಸಂದೇಹ ಉಳಿಯಲಿಲ್ಲ. ಗ್ರೀನಿಚ್‌ನಲ್ಲಿ ಹಿರಿಯ ನೌಕಾಧಿಕಾರಿಗಳಿಗಾಗಿ 1900ರಲ್ಲಿ ಆರಂಭವಾಗಿದ್ದ ಯುದ್ಧಾಧ್ಯಯನ ಶಿಕ್ಷಣಕ್ಕೆ 1902ರಲ್ಲಿ ಅವರಿಗೆ ಕರೆ ಬಂತು. ಆಗ ಅವರಿಗೆ ನಲವತ್ತೇಳು ವರ್ಷ. ಎದುರಿಗೆ ಕುಳಿತವರು ಹದಿಮೂರರ ಆಸುಪಾಸಿನಲ್ಲೇ ಹಡಗು ಹತ್ತಿದವರು. ತಾವು ಈಗ ಎತ್ತಿರುವ ಆಕ್ಷೇಪವನ್ನೇ ಅವರಲ್ಲಿ ಹಲವರು ಆಗಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು.

ಆದರೆ ಕಾರ್ಬೆಟ್ ಆ ಅಧಿಕಾರಿಗಳಿಗೆ ಹಡಗು ನಡೆಸುವುದನ್ನು ಕಲಿಸಲು ಹೊರಟಿರಲಿಲ್ಲ. ಹಡಗನ್ನು ಏತಕ್ಕಾಗಿ ಕಳುಹಿಸುತ್ತೇವೆ, ಅದು ಮಾಡಿದ ಕೆಲಸದಿಂದ ಯುದ್ಧದ ಗತಿ ಎಲ್ಲಿ ಬದಲಾಯಿತು ಎಂಬುದನ್ನು ದಾಖಲೆಗಳಿಂದ ಬಿಡಿಸಿ ತೋರಿಸುವುದು ಅವರ ಕೆಲಸವಾಗಿತ್ತು. ಇದಕ್ಕೆ ಬೇಕಾದ ತರಬೇತಿ ಬೇರೆಯದೇ. 1530ರಿಂದ 1816ರವರೆಗೆ ಇಂಗ್ಲಿಷ್ ನೌಕಾದಳಗಳಿಗೆ ಹೊರಡಿಸಿದ ಕಾಳಗದ ಆದೇಶಗಳನ್ನು ಹುಡುಕಿ, ಕ್ರಮಕ್ಕೆ ತಂದು ಅವರು 1905ರಲ್ಲಿ ಪ್ರಕಟಿಸಿದರು. ಅದುವರೆಗೆ ನೆಲ್ಸನ್‌ನಂಥ ಸೇನಾನಿಯ ಪ್ರತಿಭೆಯೆಂದು ಒಟ್ಟಾರೆ ಹೇಳಿಬಿಡುತ್ತಿದ್ದ ಸಂಗತಿಗಳ ಹಿಂದೆ ತಲೆಮಾರುಗಳಿಂದ ಬೆಳೆದುಬಂದ ಆದೇಶಗಳೂ ಸಂಕೇತಗಳೂ ಇದ್ದುದು ಇದರಿಂದ ಕಾಣತೊಡಗಿತು.

ಟ್ರಫಾಲ್ಗರ್ ವಿಷಯವನ್ನೇ ನೋಡಿ. ನೆಲ್ಸನ್ನನ ಬ್ರಿಟಿಷ್ ನೌಕಾದಳ ಫ್ರೆಂಚ್ ಮತ್ತು ಸ್ಪ್ಯಾನಿಷ್ ನೌಕಾದಳವನ್ನು ಸೋಲಿಸಿದ ಆ ಕಾಳಗ ನಡೆದದ್ದು 1805ರ ಅಕ್ಟೋಬರ್ 21ರಂದು. ನೆಲ್ಸನ್ ತನ್ನ ಯೋಜನೆಯನ್ನು ಬರಹದಲ್ಲಿ ಕೊಟ್ಟದ್ದು ಅಕ್ಟೋಬರ್ 9ರಂದು. ಹಡಗುಗಳು ನಿಜವಾಗಿ ಆ ಬರಹದಂತೆಯೇ ಶತ್ರುವಿನ ಸಾಲನ್ನು ಎದುರಿಸಿದವೇ? ಪ್ರತಿ ಹಡಗಿನ ಲಾಗ್ ಪುಸ್ತಕದಲ್ಲಿಯೂ, ಅಂದರೆ ದಿನಚರಿಯಲ್ಲಿಯೂ, ಗಂಟೆ ಬೇರೆ, ಗಾಳಿಯ ವಿವರ ಬೇರೆ, ಮೊದಲ ಗುಂಡು ಹಾರಿದ ಹೊತ್ತೂ ಬೇರೆ. ಇವುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದ ಕಾರ್ಬೆಟ್, ದಾಳಿಯ ರೂಪ ಬರಹದಲ್ಲಿದ್ದುದಕ್ಕಿಂತ ಬದಲಾಗಿತ್ತೆಂದು 1910ರಲ್ಲಿ ವಾದಿಸಿದರು. ಆ ಚರ್ಚೆ ಎಷ್ಟು ಬೆಳೆಯಿತೆಂದರೆ, ನೂರು ವರ್ಷ ಹಿಂದಿನ ಕಾಳಗವನ್ನು ಪರಿಶೀಲಿಸಲು ನೌಕಾಪಡೆಯನ್ನು ನಡೆಸುತ್ತಿದ್ದ ಸರ್ಕಾರಿ ಇಲಾಖೆಯಾದ ಬ್ರಿಟಿಷ್ ಅಡ್ಮಿರಾಲ್ಟಿಯೇ ಸಮಿತಿಯೊಂದನ್ನು ನೇಮಿಸಬೇಕಾಯಿತು. ಅದರ ವರದಿ 1913ರಲ್ಲಿ ಬಂತು. ಲಾಗ್ ಬರೆದ ಅನುಭವವಿರುವ ತಮಗೆ ಅದರ ಬೆಲೆ ಗೊತ್ತು. ಹತ್ತಾರು ಲಾಗ್‌ಗಳು ಒಂದಕ್ಕೊಂದು ಹೊಂದದಿರುವಾಗ ಯಾವುದನ್ನು ಎಷ್ಟು ನಂಬಬೇಕೆಂದು ತೂಗಿ ನೋಡುವುದು ಇತಿಹಾಸಕಾರನ ಕಸುಬು.

ಅವರ ಮುಖ್ಯ ವಿಚಾರ 1907ರಲ್ಲಿ ಸಪ್ತವಾರ್ಷಿಕ ಯುದ್ಧದ (1756–63) ಬಗ್ಗೆ ಬರೆದ ಗ್ರಂಥದಲ್ಲಿ ಮೈದಳೆಯಿತು. 1759ರಲ್ಲಿ ಫ್ರೆಂಚರ ಕೈಯಲ್ಲಿದ್ದ ಕೆನಡಾದ ಕ್ವಿಬೆಕ್ ನಗರ ಬ್ರಿಟಿಷರ ವಶವಾದದ್ದಕ್ಕೆ ಜನರಲ್ ವುಲ್ಫ್ ಹೆಸರಾದರು. ಆದರೆ ಅಡ್ಮಿರಲ್ ಸಾಂಡರ್ಸ್ ಅಪಾಯಕರ ಸೇಂಟ್ ಲಾರೆನ್ಸ್ ನದಿಯಲ್ಲಿ ಹಡಗುಗಳನ್ನು ಮೇಲೇರಿಸಿ, ಸೈನ್ಯವನ್ನು ಬೇಕಾದ ಕಡೆಗೆ ಸಾಗಿಸದೆ ಹೋಗಿದ್ದರೆ ವುಲ್ಫ್ ಆ ಬಂಡೆಗಳ ಬುಡಕ್ಕೂ ತಲುಪುತ್ತಿರಲಿಲ್ಲ. ಮನುಷ್ಯರು ಬದುಕುವುದು ನೆಲದ ಮೇಲೆ. ಹಾಗಾಗಿ ಯುದ್ಧಗಳು ಕೊನೆಗೆ ತೀರ್ಮಾನವಾಗುವುದೂ ನೆಲದ ಮೇಲೆಯೇ, ಸಮುದ್ರದ ಮೇಲಿನ ಹಿಡಿತವೆಂದರೆ ಸಾಗಣೆಯ ದಾರಿಗಳ ಮೇಲಿನ ಹಿಡಿತವೇ ಹೊರತು ಶತ್ರುವಿನ ನೌಕಾದಳವನ್ನು ಹುಡುಕಿ ಮುಳುಗಿಸುವುದೇ ಪರಮ ಗುರಿಯಲ್ಲ ಎಂಬ ನಿಲುವನ್ನು ಅವರು 1911ರ ರಣನೀತಿಯ ಗ್ರಂಥದಲ್ಲಿ ಮಂಡಿಸಿದರು. ಕಾಳಗದ ಕೀರ್ತಿಯನ್ನೇ ಉಸಿರಾಗಿಸಿಕೊಂಡಿದ್ದ ಸಂಸ್ಥೆಯೊಳಗಿನಿಂದ ಇಷ್ಟು ಸ್ಪಷ್ಟವಾಗಿ ಈ ಮಾತು ಬರುವುದು ಕಷ್ಟವಿತ್ತೆಂದೇ ನನ್ನ ಅಭಿಪ್ರಾಯ.

ಇದಕ್ಕೆ ಅವರು ತೆತ್ತ ಬೆಲೆಯನ್ನೂ ಹೇಳಬೇಕು. ಮೊದಲ ಮಹಾಯುದ್ಧದ ಬ್ರಿಟಿಷ್ ನೌಕಾ ಕಾರ್ಯಾಚರಣೆಗಳ ಅಧಿಕೃತ ಇತಿಹಾಸ ಬರೆಯುವ ಹೊಣೆ ಅವರ ಮೇಲೆ ಬಿತ್ತು. 1916ರ ಜಟ್‌ಲ್ಯಾಂಡ್ ಕಾಳಗದಲ್ಲಿ ಬ್ರಿಟಿಷರು 14 ಹಡಗುಗಳನ್ನೂ ಆರು ಸಾವಿರಕ್ಕೂ ಹೆಚ್ಚು ಜನರನ್ನೂ ಕಳೆದುಕೊಂಡರು, ಜರ್ಮನರು 11 ಹಡಗುಗಳನ್ನು ಕಳೆದುಕೊಂಡರು. ನಿರ್ಣಾಯಕ ಜಯ ಸಿಗಲಿಲ್ಲವೆಂಬ ಕೊರಗು ಅಡ್ಮಿರಲ್‌ಗಳ ನಡುವಿನ ಜಗಳವಾಗಿ ವರ್ಷಗಟ್ಟಲೆ ನಡೆಯಿತು. ಕಾಳಗ ಕೈತಪ್ಪಿದರೂ ಸಮುದ್ರದ ದಾರಿಗಳು ಬ್ರಿಟಿಷರ ಕೈಯಲ್ಲೇ ಉಳಿದವೆಂಬುದು ಕಾರ್ಬೆಟ್ ಅವರ ನೋಟ. ಜಟ್‌ಲ್ಯಾಂಡ್ ಇರುವ ಮೂರನೆಯ ಸಂಪುಟ ಅಚ್ಚಾಗುವ ಮೊದಲೇ, 1922ರ ಸೆಪ್ಟೆಂಬರ್‌ನಲ್ಲಿ, ಅವರು ತೀರಿಕೊಂಡರು. 1923ರಲ್ಲಿ ಬಂದ ಆ ಸಂಪುಟದಲ್ಲಿ ಅಡ್ಮಿರಾಲ್ಟಿಯ ಒಂದು ಟಿಪ್ಪಣಿ ಸೇರಿತ್ತು: ಕಾಳಗವನ್ನು ಅರಸಿ ಕೊನೆಮುಟ್ಟಿಸುವುದರ ಮಹತ್ವವನ್ನು ಕಡಿಮೆ ಮಾಡುವ ಲೇಖಕರ ತತ್ವಗಳು ತನ್ನ ಅಭಿಪ್ರಾಯಕ್ಕೆ ನೇರ ವಿರುದ್ಧವೆಂದು ಅದು ಸಾರಿತ್ತು. ತಾನೇ ಬರೆಸಿದ ಗ್ರಂಥದಲ್ಲಿ, ಉತ್ತರ ಕೊಡಲು ಇಲ್ಲದ ಲೇಖಕರ ವಿರುದ್ಧ ಹೀಗೆ ಅಚ್ಚು ಹಾಕಿಸಿದ್ದು ನನಗೆ ಇಂದಿಗೂ ಅನ್ಯಾಯವಾಗಿಯೇ ಕಾಣುತ್ತದೆ.

ಸಮವಸ್ತ್ರವಿದ್ದರೆ ಈ ಕಷ್ಟ ತಪ್ಪುತ್ತಿತ್ತೆನ್ನುವಂತೆಯೂ ಇಲ್ಲ. ಅಮೆರಿಕದ ಆಲ್ಫ್ರೆಡ್ ಥೇಯರ್ ಮಹಾನ್ ಎಂಬ ನೌಕಾ ಇತಿಹಾಸಕಾರರು ಸ್ವತಃ ನೌಕಾಧಿಕಾರಿ. ಸಮುದ್ರಬಲದ ಬಗೆಗಿನ 1890ರ ಗ್ರಂಥದಿಂದ ಜಗತ್ಪ್ರಸಿದ್ಧರಾದ ಮೇಲೂ, ಬರವಣಿಗೆಗೆ ಬಿಡುವು ಕೇಳಿದ ಅವರನ್ನು 1893ರಲ್ಲಿ ಹಡಗಿನ ಕೆಲಸಕ್ಕೇ ಕಳುಹಿಸಿದರು.

ಇದರಿಂದ ನಮಗೇನು ಎಂಬ ಪ್ರಶ್ನೆಗೆ ನಮ್ಮದೇ ಇತಿಹಾಸದಿಂದ ಒಂದು ಪ್ರಸಂಗ ಕೊಡುತ್ತೇನೆ. 1780ರ ಸೆಪ್ಟೆಂಬರ್‌ನಲ್ಲಿ ಪೊಳ್ಳಿಲೂರಿನಲ್ಲಿ ಬ್ರಿಟಿಷ್ ಕರ್ನಲ್ ಬೇಲಿ ಅವರ ಪಡೆಯನ್ನು ಮೈಸೂರು ಸೈನ್ಯ ನುಚ್ಚುನೂರು ಮಾಡಿದ್ದನ್ನು ಶಾಲೆಯಲ್ಲೇ ಓದಿರುತ್ತೇವೆ. ಅದೇ ಡಿಸೆಂಬರ್‌ನಲ್ಲಿ ಬ್ರಿಟಿಷ್ ಅಡ್ಮಿರಲ್ ಹ್ಯೂಸ್ ಮಂಗಳೂರಿನಲ್ಲಿ ಹೈದರಾಲಿಯ ಹಡಗುಗಳನ್ನು ನಾಶಮಾಡಿದ್ದು ಅಷ್ಟಾಗಿ ಕಿವಿಗೆ ಬಿದ್ದಿರುವುದಿಲ್ಲ. 1781ರ ಆರಂಭದಲ್ಲಿ ಕಡಲೂರಿನ ಬಳಿ ಇದ್ದ ಬ್ರಿಟಿಷ್ ಸೇನಾಪತಿ ಐರ್ ಕೂಟ್ ಅವರ ಸೈನ್ಯಕ್ಕೆ ಒಳನಾಡಿನಿಂದ ಧಾನ್ಯ ಬರುವ ದಾರಿಗಳನ್ನು ಹೈದರಾಲಿ ಮುಚ್ಚಿದ್ದನು. ಉಳಿದದ್ದು ಸಮುದ್ರ ಮಾತ್ರ. ಅದೇ ಹೊತ್ತಿಗೆ ದೋರ್ವ್ ಎಂಬ ಫ್ರೆಂಚ್ ಸೇನಾನಿಯ ನೌಕಾದಳ ಕೋರಮಂಡಲ ತೀರಕ್ಕೆ ಬಂತು, ತಡೆಯಬಲ್ಲ ಬ್ರಿಟಿಷ್ ನೌಕಾದಳ ಅಲ್ಲಿರಲಿಲ್ಲ. ಇನ್ನು ಕೆಲವು ದಿನ ನಿಲ್ಲುವಂತೆ ಹೈದರಾಲಿ ಕೇಳಿಕೊಂಡರೂ ದೋರ್ವ್ ಫೆಬ್ರವರಿಯಲ್ಲಿ ಮಾರಿಷಸ್‌ಗೆ ಮರಳಿದನು. ಸಮುದ್ರದ ದಾರಿ ತೆರೆಯಿತು, ಕೂಟ್ ಅವರ ಸೈನ್ಯ ಉಳಿಯಿತು, ಜುಲೈ 1ರಂದು ಪೋರ್ಟೊ ನೋವೊದಲ್ಲಿ ಹೈದರಾಲಿಗೆ ಸೋಲಾಯಿತು. ಒಂದು ಗುಂಡೂ ಹಾರದೆ, ಒಂದು ನೌಕಾದಳ ಹೊರಟುಹೋದುದರಿಂದ ಯುದ್ಧದ ದಿಕ್ಕು ಬದಲಾದ ಸಂದರ್ಭವಿದು. ಬರೇ ಕದನಗಳ ಪಟ್ಟಿ ಓದುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಮುಂದೆ ಫ್ರೆಂಚ್ ನೌಕಾ ಸೇನಾನಿ ಸುಫ್ರೆನ್ 1782 ಮತ್ತು 83ರಲ್ಲಿ ಹ್ಯೂಸ್ ಅವರೊಂದಿಗೆ ಐದು ಬಾರಿ ಸೆಣಸಿದರೂ, ಆ ಫೆಬ್ರವರಿಯ ಅವಕಾಶ ಮರಳಿ ಬರಲಿಲ್ಲ.

ವೃತ್ತಿಯ ವಿಷಯದಲ್ಲಿ ಸುಳ್ಳು ಭರವಸೆ ಕೊಡಲಾರೆ. ಕಾರ್ಬೆಟ್ ಅವರಿಗೆ ಮನೆಯ ಆಸ್ತಿ ಇತ್ತು. ತಮ್ಮ ಮೊಮ್ಮಗಳಿಗೆ ಬಹುಶಃ ವಿಶ್ವವಿದ್ಯಾಲಯದ ಉದ್ಯೋಗ ಬೇಕಾದೀತು, ಮತ್ತು ಅಲ್ಲಿ ಈ ವಿಷಯಕ್ಕೇ ಮೀಸಲಾದ ಹುದ್ದೆಗಳು ತೀರ ವಿರಳ. ಭಾರತೀಯ ನೌಕಾಪಡೆಯ ಅಧಿಕೃತ ಇತಿಹಾಸದ ಸಂಪುಟಗಳನ್ನು ಸತ್ಯೀಂದ್ರ ಸಿಂಗ್, ಹಿರಾನಂದಾನಿ ಅವರಂಥ ನಿವೃತ್ತ ಅಡ್ಮಿರಲ್‌ಗಳೇ ಬರೆದಿದ್ದಾರೆ. ನಾಗರಿಕ ವಿದ್ವಾಂಸರಿಗೆ ಮುಂಬಯಿಯ ಮ್ಯಾರಿಟೈಮ್ ಹಿಸ್ಟರಿ ಸೊಸೈಟಿ, ದಿಲ್ಲಿಯ ನ್ಯಾಷನಲ್ ಮ್ಯಾರಿಟೈಮ್ ಫೌಂಡೇಷನ್‌ನಂಥ ಕೆಲವೇ ನೆಲೆಗಳಿವೆ. ಆದರೆ ಕೆಲಸಕ್ಕೆ ಕೊರತೆಯಿಲ್ಲ. ಪಣಜಿಯ ದಾಖಲೆ ಭಂಡಾರ ಕಾರವಾರದಿಂದ ಕೆಲವೇ ಗಂಟೆಗಳ ದಾರಿ. ನಮ್ಮ ಕರಾವಳಿಯ ಬಗ್ಗೆ ಅಲ್ಲಿರುವುದನ್ನು ಓದಲು ಪೋರ್ಚುಗೀಸ್ ಬೇಕು, ಮೈಸೂರಿನ ಯುದ್ಧಗಳಿಗೆ ಪರ್ಷಿಯನ್ ಮತ್ತು ಫ್ರೆಂಚ್ ಬೇಕು. ಮೊದಲ ಎರಡು ವರ್ಷಗಳನ್ನು ಭಾಷೆಗಳಿಗೇ ಕೊಡಲಿ ಎಂಬುದು ನನ್ನ ಸಲಹೆ.

ಇಲ್ಲಿ ತಮ್ಮಿಂದಲೂ ಆಗಬೇಕಾದ ಕೆಲಸವಿದೆ. ಹಡಗುಗಳಲ್ಲಿ ನೀರು, ಆಹಾರ ಸಾಲದೆಂಬುದು ದೋರ್ವ್ ಕೊಟ್ಟ ಕಾರಣ. ಸರಿಯಾದ ಬಂದರೇ ಇಲ್ಲದ ಆ ತೀರದಲ್ಲಿ, ಫೆಬ್ರವರಿಯ ಗಾಳಿಯಲ್ಲಿ, ಹಾಯಿಹಡಗುಗಳ ದಳವೊಂದು ಇನ್ನೂ ಕೆಲವು ವಾರ ಲಂಗರು ಹಾಕಿ ನಿಲ್ಲಬಹುದಿತ್ತೇ ಎಂಬುದನ್ನು ಕಾಗದಪತ್ರಗಳನ್ನು ಮಾತ್ರ ಬಲ್ಲವರು ಒಬ್ಬರೇ ತೀರ್ಮಾನಿಸಲಾರರು. ತಮ್ಮ ಮೊಮ್ಮಗಳು ಆ ಕಾಗದಗಳನ್ನು ಓದಿ ತಂದಾಗ ಗಾಳಿ, ಅಲೆ, ನೀರಿನ ಪೀಪಾಯಿಗಳ ಲೆಕ್ಕವನ್ನು ತಾವು ಅವರೊಂದಿಗೆ ಕುಳಿತು ಹಾಕಿ. ಆ ಲೇಖನ ಸಿದ್ಧವಾದರೆ ನಮಗೆ ಕಳುಹಿಸಲು ಹೇಳಿ, ಓದಲು ಕಾದಿರುತ್ತೇನೆ.

ಸಂಪಾದಕ