ಗಾಳಿ ಕಡಿಮೆ, ದೋಣಿ ಚುರುಕು: ಯಾವ ಹಾಯಿ ಹೊಲಿಸಲಿ?

ಪ್ರಶ್ನೆ: ನಮ್ಮದು ಹಾಸನ. ಮಂಗಳೂರಿನಲ್ಲಿ 26 ಅಡಿಯ ಹಗುರ ಹಾಯಿದೋಣಿ ಇಟ್ಟಿದ್ದೇವೆ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಮಲ್ಪೆ ಕಡೆ ಹೊರಟರೆ ಗಾಳಿ 5-6 ನಾಟ್ (ಗಂಟೆಗೆ ಸುಮಾರು 9-11 ಕಿ.ಮೀ.) ಅಷ್ಟೇ, ಅದೂ ಪಕ್ಕದಿಂದ. ಮೇನ್ (ಮುಖ್ಯ ಹಾಯಿ) ಮತ್ತು ಜಿಬ್ (ಮುಂದಿನ ಚಿಕ್ಕ ಹಾಯಿ) ಬಿಟ್ಟರೆ ಬೇರೆ ಹಾಯಿ ಇಲ್ಲ. ದೊಡ್ಡ ಸ್ಪಿನ್ನೇಕರ್, ಅಂದರೆ ಹಿಂದಿನಿಂದ ಬರುವ ಗಾಳಿಗೆ ಉಬ್ಬಿ ನಿಲ್ಲುವ ಹಾಯಿ, ಹೊಲಿಸೋಣ ಅಂತಿದ್ದೇನೆ. ಸರಿಯಾ?

ಉತ್ತರ: ಅಡ್ವಾನ್ಸ್ ಕೊಟ್ಟಿಲ್ಲ ಅಲ್ವಾ? ಕೊಡಬೇಡಿ. ನಿಮಗೆ ಬೇಕಾಗಿರುವುದು ಹೊಟ್ಟೆ ಉಬ್ಬಿದ ಸ್ಪಿನ್ನೇಕರ್ ಅಲ್ಲ, ಚಪ್ಪಟೆಯಾದ ಕೋಡ್ ಝೀರೋ, ಅಂದರೆ ಕಡಿಮೆ ಗಾಳಿಗೆಂದೇ ಮುಂದೆ ಕಟ್ಟುವ ದೊಡ್ಡ ಹಾಯಿ.

ಕಾರಣ ನಿಮ್ಮ ದೋಣಿಯ ಚುರುಕೇ. ಹಾಸನದಿಂದ ಬೇಲೂರಿಗೆ ಬೈಕಿನಲ್ಲಿ ಹೋಗುವಾಗ ಗಮನಿಸಿ. ನಿಂತಾಗ ಪಕ್ಕದ ಹೊಲದಿಂದ ಕಿವಿಗೆ ಬೀಸುವ ಗಾಳಿ ಗಾಡಿ ಓಡಿದ ಕೂಡಲೇ ಮುಖಕ್ಕೆ ಬರುತ್ತದೆ. ನೀರಿನಲ್ಲೂ ಹಾಗೇ. 6 ನಾಟ್ ಗಾಳಿ ಸರಿಯಾಗಿ ಪಕ್ಕದಿಂದ, ಅಂದರೆ 90 ಡಿಗ್ರಿಯಿಂದ ಬರುತ್ತಿದೆ ಅನ್ನಿ. ದೋಣಿ 5 ನಾಟ್ ಓಡಿದರೆ ಹಾಯಿಗೆ ತಾಗುವ ಗಾಳಿ ಸುಮಾರು 7.8 ನಾಟ್ ಆಗುತ್ತದೆ, ಬರುವುದು ಮಾತ್ರ ದೋಣಿಯ ಮೂತಿಯಿಂದ 50 ಡಿಗ್ರಿಯಲ್ಲಿ. 2.5 ನಾಟ್ ಮಾತ್ರ ಓಡುವ ಭಾರದ ದೋಣಿಗೆ ಅದೇ ಗಾಳಿ 67 ಡಿಗ್ರಿಯಲ್ಲಿ ಸಿಗುತ್ತದೆ. ಅಂಥ ದೋಣಿಯಲ್ಲಿ ಉಬ್ಬಿದ ಹಾಯಿ ಹೇಗೋ ನಿಲ್ಲಬಹುದು. ನಿಮ್ಮದರಲ್ಲಿ ಗಾಳಿ ಅಷ್ಟು ಮುಂದಿನಿಂದ ಬರುವುದರಿಂದ ಉಬ್ಬಿದ ಹಾಯಿಯ ಮುಂದಿನ ಅಂಚು ಒಳಕ್ಕೆ ಮಡಚಿಕೊಳ್ಳುತ್ತದೆ, ದೋಣಿ ನಿಧಾನವಾಗುತ್ತದೆ, ಗಾಳಿ ಹಿಂದಕ್ಕೆ ಸರಿದು ಹಾಯಿ ಮತ್ತೆ ತುಂಬುತ್ತದೆ, ವೇಗ ಬಂದ ತಕ್ಷಣ ಮತ್ತೆ ಮಡಚಿಕೊಳ್ಳುತ್ತದೆ. ನಾನು ಒಂದಿಡೀ ಬೆಳಿಗ್ಗೆ ಹೀಗೇ ಕಳೆದಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೋಡ್ ಝೀರೋ ಹೆಸರು ಮಾಡಿದ್ದು 1997-98ರ ವಿಟ್‌ಬ್ರೆಡ್ ಭೂಪ್ರದಕ್ಷಿಣೆ ರೇಸಿನಲ್ಲಿ. ಪಾಲ್ ಕೇಯಾರ್ಡ್ ನಡೆಸಿದ ಇಎಫ್ ಲ್ಯಾಂಗ್ವೇಜ್ ದೋಣಿ ಇದನ್ನು ಚೆನ್ನಾಗಿ ಬಳಸಿ ಆ ರೇಸ್ ಗೆದ್ದಿತು. ರೇಸಿನಲ್ಲಿ ಸ್ಪಿನ್ನೇಕರ್ ಲೆಕ್ಕಕ್ಕೆ ಸೇರಬೇಕಾದರೆ ಹಾಯಿಯ ನಡುಅಗಲ ಬುಡದ ಅಗಲದ ಕನಿಷ್ಠ ಶೇ 75 ಇರಬೇಕು ಎಂಬುದು ಸಾಮಾನ್ಯ ನಿಯಮ. ಚಪ್ಪಟೆ ಹಾಯಿಗೆ ಅಷ್ಟು ಅಗಲ ಬರಿಸಲು ಸೇರಿಸುವ ಹೆಚ್ಚುವರಿ ಬಟ್ಟೆ ಹಿಂದಿನ ಅಂಚಿನಲ್ಲಿ ಪಟಪಟ ಬಡಿಯುತ್ತದೆ. ನೀವು ರೇಸ್ ಮಾಡುವವರಲ್ಲದಿದ್ದರೆ ಅದರ ತಾಪತ್ರಯ ಯಾಕೆ? ನಡುಅಗಲ ಶೇ 55ರಿಂದ 60 ಸಾಕು ಅಂತ ಹೇಳಿ ಹೊಲಿಸಿ.

ಬಟ್ಟೆ ಆರಿಸುವಾಗ ತುಂಡು ಕೇಳಿ ಪಡೆಯಿರಿ. ಎರಡು ಎದುರು ಮೂಲೆ ಹಿಡಿದು ಓರೆಯಾಗಿ ಎಳೆಯಿರಿ. ತೆಳು ನೈಲಾನ್ ಬೆರಳ ನಡುವೆಯೇ ಹಿಗ್ಗುತ್ತದೆ, ನಡುವೆ ಉದ್ದಕ್ಕೂ ನೆರಿಗೆ ಬೀಳುತ್ತದೆ. ಹಾಯಿಯಲ್ಲೂ ಹಾಗೆ ಹಿಗ್ಗಿದರೆ ಉಬ್ಬು ಹಿಂದಕ್ಕೆ ಸರಿದು ದೋಣಿಯನ್ನು ಮುಂದೆ ಎಳೆಯುವ ಬದಲು ಪಕ್ಕಕ್ಕೆ ತಳ್ಳುತ್ತದೆ. ಹಗುರ ಪಾಲಿಯೆಸ್ಟರ್ ಅಥವಾ ಲ್ಯಾಮಿನೇಟ್ (ಪದರ ಅಂಟಿಸಿದ ಬಟ್ಟೆ) ತೆಗೆದುಕೊಳ್ಳಿ.

ಮುಂದಿನ ಅಂಚಿನಲ್ಲಿ ತಿರುಚಿಕೊಳ್ಳದ ಹಗ್ಗ, ಬುಡದಲ್ಲಿ ಫರ್ಲರ್ (ಹಾಯಿ ಸುತ್ತುವ ರಾಟೆ) ಇರಲಿ. ಆ ಅಂಚನ್ನು ಬಿಗಿಯಾಗಿ ಎಳೆದಷ್ಟೂ ಒಳ್ಳೆಯದು, ಆದರೆ ಆ ಎಳೆತ ಪೂರ್ತಿ ಮಾಸ್ಟ್ (ಹಾಯಿಕಂಬ) ಮತ್ತು ಬೌಸ್ಪ್ರಿಟ್ (ಮೂತಿಯಿಂದ ಮುಂದಕ್ಕೆ ಚಾಚಿದ ಕೋಲು) ಮೇಲೆ ಬೀಳುತ್ತದೆ. ನಿಮ್ಮ ಮಾಸ್ಟ್ ಅಷ್ಟು ತಡೆಯುತ್ತದಾ ಅಂತ ದೋಣಿ ಕಟ್ಟಿದವರನ್ನು ಕೇಳದೆ ಆರ್ಡರ್ ಮಾಡಬೇಡಿ.

ನಿಮ್ಮ ದಾರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಕರಾವಳಿ ಹೆಚ್ಚುಕಡಿಮೆ ದಕ್ಷಿಣೋತ್ತರ, ಬೆಳಗಿನ ಗಾಳಿ ನೆಲದಿಂದ ಕಡಲಿಗೆ. ಹೊರಡುವಾಗ ಮೂತಿಯನ್ನು ಸ್ವಲ್ಪ ಗಾಳಿಯತ್ತ ತಿರುಗಿಸಿ, ವೇಗ ಬರಲಿ, ಆಮೇಲೆ ನಿಧಾನಕ್ಕೆ ಮಲ್ಪೆ ದಿಕ್ಕಿಗೆ ಇಳಿಸಿ. ಮಧ್ಯಾಹ್ನ ಕಡಲ ಗಾಳಿ ಎದ್ದು ಎದುರು ಓರೆಯಲ್ಲಿ ಬಂದರೆ ಕೋಡ್ ಝೀರೋ ಸುತ್ತಿಟ್ಟು ಜಿಬ್ ಬಿಚ್ಚಿ. ಸುತ್ತಿದ್ದನ್ನು ಸುಮ್ನೆ ಮೇಲೇ ಬಿಡಬೇಡಿ, ಬಿಸಿಲು ಬಟ್ಟೆ ತಿಂದುಬಿಡುತ್ತದೆ.

ಇನ್ನೊಂದು, ಶೀಟ್ ಹಗ್ಗ (ಹಾಯಿಯ ಹಿಂದಿನ ಮೂಲೆಗೆ ಕಟ್ಟಿ ಎಳೆಯುವ ಹಗ್ಗ) ತೆಳ್ಳಗಿರಲಿ, 6-8 ಮಿಲಿಮೀಟರ್. ದಪ್ಪ ಹಗ್ಗ ಒದ್ದೆಯಾದರೆ 4 ನಾಟ್ ಗಾಳಿಯಲ್ಲಿ ಅದರ ಭಾರಕ್ಕೇ ಹಾಯಿಯ ಮೂಲೆ ಜೋತು ಬೀಳುತ್ತದೆ.