ಅದೇ ದಿನ ನಡೆಸುತ್ತಾರಂತೆ, ಆಯಿಗೆ ಏನೂ ಆಗಲ್ವಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿರಸಿ ಹತ್ತಿರದ ಹಳ್ಳಿ, ತೋಟದ ಮನೆ. ಆಯಿಗೆ 68 ವರ್ಷ. ಹುಬ್ಬಳ್ಳಿಯಲ್ಲಿ ಬಲಗಾಲಿನ ಮಂಡಿ ಬದಲಿಸುವುದೆಂದು ನಿಶ್ಚಯವಾಗಿದೆ. ಆಪರೇಷನ್ ಆದ ದಿನ ಸಂಜೆಯೇ ಎಬ್ಬಿಸಿ ನಡೆಸುತ್ತೇವೆ, ಎಲ್ಲ ಸರಿಯಿದ್ದರೆ ಮೂರನೇ ದಿನ ಮನೆಗೆ ಅಂತ ಅಲ್ಲಿಯವರು ಹೇಳುತ್ತಿದ್ದಾರೆ. 12 ವರ್ಷದ ಹಿಂದೆ ನಮ್ಮ ದೊಡ್ಡಾಯಿ ಇದೇ ಆಪರೇಷನ್ ಆಗಿ ಹತ್ತು ದಿನ ಮಲಗಿದ್ದರು. ಬೆಡ್ ಖಾಲಿ ಮಾಡಿಸೋಕೆ ಅವಸರ ಮಾಡ್ತಾರೆ ಅಂತ ನೆಂಟರೆಲ್ಲ ಹೆದರಿಸುತ್ತಿದ್ದಾರೆ. ನಿಜವಾ?

ಉತ್ತರ: ಹೆದರಬೇಡಿ. ಹತ್ತು ದಿನ ಮಲಗಿದರೆ ಮಂಡಿ ಬೇಗ ಮಾಯುತ್ತದೆ ಅನ್ನುವುದು ಸುಳ್ಳು. ಆಗೆಲ್ಲ ಜನ ಮಲಗಿರುತ್ತಿದ್ದದ್ದು ನೋವಿಗೆ, ನೋವಿನ ಇಂಜೆಕ್ಷನ್ನಿನ ಮಂಪರಿಗೆ, ವಾಂತಿಗೆ, ಮಂಡಿಗೊಂದು ಮೂತ್ರಕ್ಕೊಂದು ಪೈಪು ಹಾಕಿರುತ್ತಿದ್ದುದಕ್ಕೆ. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಕರುಳಿನ ಆಪರೇಷನ್ ಆದವರನ್ನು ನೋಡಿ, ಇವರು ಇವತ್ತೂ ಆಸ್ಪತ್ರೆಯಲ್ಲಿ ಯಾಕಿದ್ದಾರೆ ಅಂತ ಕೇಳಿಕೊಂಡರು. ಸಿಕ್ಕ ಕಾರಣಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋದರು. ಅದೇ ಕ್ರಮ ಆಮೇಲೆ ಸೊಂಟ, ಮಂಡಿಯ ಕೀಲಿಗೂ ಬಂತು. ಇಆರ್‌ಎಎಸ್ (ಎನ್‌ಹಾನ್ಸ್ಡ್ ರಿಕವರಿ ಆಫ್ಟರ್ ಸರ್ಜರಿ, ಅಂದರೆ ಆಪರೇಷನ್ ಆದಮೇಲೆ ಬೇಗ ಚೇತರಿಸಿಕೊಳ್ಳುವ ಕ್ರಮ) ಅನ್ನುವುದು ಇದಕ್ಕೇ. ಬೇಗ ಮನೆಗೆ ಕಳಿಸುವುದು ಅದರ ಗುರಿಯಲ್ಲ, ಮಲಗಿಸುವ ಕಾರಣಗಳು ಹೋದರೆ ಮನೆಗೆ ಹೋಗುವ ದಿನ ತಾನಾಗಿ ಹತ್ತಿರ ಬರುತ್ತದೆ.

ಈಗ ಕೀಲಿನ ಸುತ್ತಲೇ ಮರಗಟ್ಟಿಸುವ ಮದ್ದು ಕೊಡುತ್ತಾರೆ. ರಕ್ತ ಜಾಸ್ತಿ ಹೋಗದಂತೆ ಟ್ರಾನೆಕ್ಸಾಮಿಕ್ ಆಸಿಡ್ ಕೊಡುತ್ತಾರೆ. ಪ್ಯಾರಾಸಿಟಮಾಲ್‌ನಂಥ ಮಾತ್ರೆಗಳನ್ನು ಹೊತ್ತು ಹೊತ್ತಿಗೆ ಕೊಟ್ಟು, ಮಂಪರು ತರುವ ಮದ್ದು ಆದಷ್ಟು ಕಡಿಮೆ ಮಾಡುತ್ತಾರೆ. ತಲೆ ತಿಳಿಯಾಗಿದ್ದರೆ ತಾನೇ ವಾಕರ್ ಹಿಡಿದು ನಿಲ್ಲೋಕಾಗುವುದು? ಬೇಗ ಎದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಕಡಿಮೆ.

ಮೂರನೇ ದಿನ ಅನ್ನುವುದನ್ನು ಮುಹೂರ್ತದ ಹಾಗೆ ಹಿಡಿದುಕೊಳ್ಳಬೇಡಿ. ಆಯಿ ವಾಕರ್ ಹಿಡಿದು ಬಚ್ಚಲಿಗೆ ಹೋಗಿ ಬರಬೇಕು, ಮೆಟ್ಟಿಲು ಹತ್ತಿಳಿಯಬೇಕು, ಮಾತ್ರೆಯಲ್ಲೇ ನೋವು ತಡೆಯಬೇಕು, ಊಟ ಹೋಗಬೇಕು, ಗಾಯ ಒಣಗಿರಬೇಕು. ಇಷ್ಟಾಗದಿದ್ದರೆ ಇನ್ನೊಂದು ದಿನ ಇಟ್ಟುಕೊಳ್ಳಿ ಅಂತ ಕೇಳಿ. ಕೇಳೋದಕ್ಕೆ ಸಂಕೋಚ ಬೇಡ.

ನಿಜವಾದ ಕೆಲಸ ಇರುವುದು ಈಗ, ಮನೆಯಲ್ಲಿ. ಹಿಮೋಗ್ಲೋಬಿನ್, ಸಕ್ಕರೆ ಈಗಲೇ ನೋಡಿಸಿ, ರಕ್ತ ಕಡಿಮೆಯಿದ್ದರೆ ತುಂಬಿಸಿಕೊಳ್ಳಲು ವಾರಗಳೇ ಬೇಕು. ಆಯಿ ಕವಳ ಹಾಕುತ್ತಾರಾ? ತಂಬಾಕು ಇದ್ದರೆ ಅದನ್ನು ಇವತ್ತೇ ಬಿಡಿಸಿ, ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಆಮೇಲೆ ಮನೆಯೊಳಗೆ ಒಮ್ಮೆ ವಾಕರ್ ಹಿಡಿದವರ ಹಾಗೆ ನೀವೇ ನಡೆದು ನೋಡಿ. ನಮ್ಮ ಕಡೆಯ ಹಳೇ ಮನೆಗಳ ಹೊಸ್ತಿಲು ಎಷ್ಟು ಎತ್ತರ ಅಂತ ಆಗ ಗೊತ್ತಾಗುತ್ತದೆ. ನಡೆಯುವ ದಾರಿಯ ಚಾಪೆ, ಕಂಬಳಿ ಎತ್ತಿಡಿ. ಕೂರುವ ಮಣೆ ಬೇಡ, ಕೈಯಿರುವ ಎತ್ತರದ ಕುರ್ಚಿ ಬೇಕು. ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ತರಿಸಿ. ಮಳೆಗಾಲವಾದರೆ ಅಂಗಳದ ಪಾಚಿಗೆ ಕಾಲಿಡಲೇ ಬಾರದು.

ಜಗಲಿ ಮೆಟ್ಟಿಲಿಗೆ ಒಂದು ಮಾತು ನೆನಪಿಡಿ. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮತ್ತೆ, ಮಲಗಿದಾಗ ಮಂಡಿಯಡಿಗೆ ದಿಂಬು ಇಡಬೇಡಿ. ಪ್ರೀತಿಯಿಂದ ಇಡುತ್ತೇವೆ, ಹಿತ ಅನಿಸುತ್ತದೆ ಕೂಡ, ಆದರೆ ಮಂಡಿ ಬಾಗಿದಲ್ಲೇ ಬಿಗಿದುಕೊಂಡರೆ ಕಾಲು ನೆಟ್ಟಗಾಗುವುದು ಕಷ್ಟ. ಟವೆಲ್ ಸುತ್ತಿ ಹಿಮ್ಮಡಿಯ ಅಡಿಗೆ ಕೊಡಿ. ವ್ಯಾಯಾಮದಲ್ಲಿ ಆಯಿ ಅಳಬಹುದು. ಮಾತ್ರೆ ನುಂಗಿ ಅರ್ಧ ಗಂಟೆ ಬಿಟ್ಟು ಶುರುಮಾಡಿಸಿ.

ಹುಬ್ಬಳ್ಳಿಯಿಂದ ನಿಮಗೆ ನೂರು ಕಿಲೋಮೀಟರ್ ಹಾದಿ. ನಡುವೆ ಕಾರು ನಿಲ್ಲಿಸಿ ಇಳಿಸಿ ನಾಲ್ಕು ಹೆಜ್ಜೆ ನಡೆಸಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತಿರಲಿ. ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಮದ್ದು ಹೇಳಿದಷ್ಟು ದಿನ ನಿಲ್ಲಿಸಬೇಡಿ. ಮೀನಖಂಡ ಊದಿ ನೋಯುವುದು, ಗಾಯದಿಂದ ಒಸರುವುದು, ಜ್ವರ, ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ. ಎದೆ ನೋವು, ಉಸಿರು ಕಟ್ಟಿದಂತಾದರೆ ಫೋನ್ ಮಾಡಿ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಆ ಕ್ಷಣವೇ ಕರೆದುಕೊಂಡು ಹೋಗಿ. ಹುಬ್ಬಳ್ಳಿ ಆಸ್ಪತ್ರೆಯ ಫೋನ್ ನಂಬರು ಮತ್ತು ಕರೆ ಎತ್ತುವವರು ಯಾರು ಅಂತ ಹೊರಡುವ ಮೊದಲೇ ಬರೆಸಿಕೊಳ್ಳಿ.

ಪ್ರಶ್ನೆ: ಸೊಂಟದ ಕೀಲಿನ ಆಪರೇಷನ್ನಿಗೆ ಹಿಂದಿನ ರಾತ್ರಿಯಿಂದ ಹನಿ ನೀರೂ ಕುಡಿಯಬಾರದಾ? (ಕಾರವಾರದಿಂದ)

ಉತ್ತರ: ಸಾಮಾನ್ಯವಾಗಿ ಊಟ 6 ಗಂಟೆ ಮೊದಲು ನಿಲ್ಲಿಸಿದರೆ ಸಾಕು, ನೀರು, ಹಾಲಿಲ್ಲದ ಚಹಾ 2 ಗಂಟೆ ಮೊದಲಿನವರೆಗೂ ಕುಡಿಯಬಹುದು. ಹಾಲು ಹಾಕಿದ ಚಹಾ, ಗಂಜಿ ಊಟದ ಲೆಕ್ಕವೇ. ಸಕ್ಕರೆ ಕಾಯಿಲೆ ಅಥವಾ ಹೊಟ್ಟೆಯ ತೊಂದರೆ ಇದ್ದರೆ ಲೆಕ್ಕ ಬೇರೆ, ಅರಿವಳಿಕೆ ಡಾಕ್ಟರ್ ಹೇಳಿದಂತೆ ಮಾಡಿ.