ಮೊದಲು ನೀರು, ಆಮೇಲೆ ಬಟ್ಟೆ

ಪ್ರಶ್ನೆ: ಸರ್, ನಾನು ದಿನಾ ತುಮಕೂರಿನಿಂದ ದಾಬಸ್‌ಪೇಟೆಗೆ ಬೈಕಲ್ಲಿ ಕೆಲಸಕ್ಕೆ ಹೋಗುತ್ತೇನೆ. ಸೆಕೆಂಡ್ ಶಿಫ್ಟ್ ಇದ್ದಾಗ ವಾಪಸ್ ಬರೋದು ರಾತ್ರಿ. ಹೆಲ್ಮೆಟ್ ತಗೊಂಡು ಇನ್ನೂ 8 ತಿಂಗಳು, ಆಗಲೇ ಎದುರಿಂದ ಲಾರಿ ಬಂದರೆ ಅದರ ಲೈಟು ವೈಸರ್ ತುಂಬಾ ಎಳೆ ಎಳೆಯಾಗಿ ಹರಡಿ ರಸ್ತೆಯೇ ಕಾಣುವುದಿಲ್ಲ. ಬೆಳಿಗ್ಗೆ ಬೈಕ್ ಒರೆಸುವಾಗ ವೈಸರನ್ನೂ ಅದೇ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜುತ್ತೇನೆ. ಟೂತ್‌ಪೇಸ್ಟ್ ಹಚ್ಚಿದರೆ ಗೀರು ಹೋಗುತ್ತದೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಮಾಡಬಹುದಾ?

ಉತ್ತರ: ಟೂತ್‌ಪೇಸ್ಟ್ ಖಂಡಿತ ಬೇಡ. ನಿಮ್ಮ ಪತ್ರ ಓದಿ ನನಗೆ ಸಂಕಟವಾಯಿತು, ಯಾಕೆಂದರೆ ನೀವು ಕಾಳಜಿಯಿಂದಲೇ ದಿನಾ ಒರೆಸಿದ್ದೀರಿ, ಆ ಒರೆಸುವಿಕೆಯಿಂದಲೇ ಗೀರು ಬಿದ್ದಿದೆ. ವೈಸರ್ ಗಾಜಲ್ಲ, ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್. ಕಲ್ಲು ಬಡಿದರೂ ಚೂರಾಗದಷ್ಟು ಗಟ್ಟಿ, ಆದರೆ ಅದರ ಮೈ ಮಾತ್ರ ಮೆತ್ತಗೆ. ಅದಕ್ಕೇ ಮೇಲೆ ಒಂದು ತೆಳು ಲೇಪ ಕೊಟ್ಟಿರುತ್ತಾರೆ. ನಮ್ಮ ರಸ್ತೆ ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಅದು ಗಾಜಿಗಿಂತಲೂ ಗಡಸು. ಒಣ ಬಟ್ಟೆಯಲ್ಲಿ ಉಜ್ಜಿದರೆ ಉಪ್ಪುಕಾಗದ ಹಾಕಿ ತಿಕ್ಕಿದ ಹಾಗೇ. ಅದರಲ್ಲೂ ಬೈಕ್ ಒರೆಸೋ ಬಟ್ಟೆ ಅಂದರೆ ಅದರಲ್ಲಿ ಮಣ್ಣು, ಆಯಿಲ್ ಎಲ್ಲಾ ಮೊದಲೇ ಸೇರಿಕೊಂಡಿರುತ್ತದೆ ಅಲ್ವಾ. ಈ ಸಣ್ಣ ಗೀರುಗಳು ಹಗಲಲ್ಲಿ ಕಾಣಿಸುವುದಿಲ್ಲ. ರಾತ್ರಿ ಮಾತ್ರ ಒಂದೊಂದು ಗೀರೂ ಎದುರಿನ ಬೆಳಕನ್ನು ಒಂದೊಂದು ದಿಕ್ಕಿಗೆ ಚದುರಿಸುತ್ತದೆ. ಟೂತ್‌ಪೇಸ್ಟ್‌ನಲ್ಲೂ ಹಲ್ಲು ಉಜ್ಜುವುದಕ್ಕೆ ಅಂತ ಸಣ್ಣ ಪುಡಿ ಇರುತ್ತದೆ. ಅದು ಉಳಿದಿರುವ ಲೇಪವನ್ನೂ ಕೆರೆದು ವೈಸರನ್ನು ಪೂರ್ತಿ ಮಂಜು ಮಾಡುತ್ತದೆ. ಕೊಬ್ಬರಿ ಎಣ್ಣೆ ಸವರಿದರೆ ಎರಡು ದಿನ ಗೀರು ಮುಚ್ಚಿದ ಹಾಗೆ ಕಾಣುತ್ತದೆ, ಆಮೇಲೆ ಧೂಳು ಇನ್ನೂ ಜಾಸ್ತಿ ಅಂಟಿಕೊಳ್ಳುತ್ತದೆ.

ವೈಸರ್ ಬಿಚ್ಚಿ ಉರಿಯುವ ಬಲ್ಬಿನ ಮುಂದೆ ಹಿಡಿದು ನೋಡಿ. ಕಣ್ಣೆದುರಿನ ಜಾಗದಲ್ಲಿ ಜೇಡರ ಬಲೆ ಹಾಗೆ ಗೀರು ಕಂಡರೆ ಅದನ್ನು ಸರಿ ಮಾಡಲು ಹೋಗಬೇಡಿ, ಬದಲಾಯಿಸಿ. ಅದೇ ಕಂಪನಿಯ ಅದೇ ಮಾಡೆಲ್ಲಿನ ವೈಸರ್ ಸಾಮಾನ್ಯವಾಗಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ರಾತ್ರಿ ಓಡಾಡುವವರು ನೀವು, ಕಪ್ಪು ವೈಸರ್ ಕೊಟ್ಟರೆ ತಗೋಬೇಡಿ, ಬಿಳಿಯದೇ ಕೇಳಿ.

ಇನ್ನು ಮುಂದೆ ಹೀಗೆ ಮಾಡಿ. ವೈಸರನ್ನು ನಲ್ಲಿ ಕೆಳಗೆ ಹಿಡಿದು ಧೂಳು ತಾನಾಗಿ ಹರಿದು ಹೋಗಲು ಬಿಡಿ. ಆಮೇಲೆ ಒಂದು ಹನಿ ಬೇಬಿ ಶಾಂಪೂ ಹಾಕಿ ಬೆರಳ ತುದಿಯಲ್ಲೇ ಸವರಿ ತೊಳೆಯಿರಿ. ಮೈಕ್ರೋಫೈಬರ್ ಬಟ್ಟೆಯನ್ನು ಅದರ ಮೇಲಿಟ್ಟು ಒತ್ತಿ ನೀರು ಹೀರಿಸಿ, ಉಜ್ಜಬೇಡಿ. ಆ ಬಟ್ಟೆ ವೈಸರಿಗೆ ಮಾತ್ರ ಮೀಸಲಿರಲಿ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಹುಳುಗಳು ಬಡಿದು ಒಣಗಿರುತ್ತವಲ್ಲ, ಅವನ್ನು ಉಗುರಲ್ಲಿ ಕೆರೆಯದೆ ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ವೈಸರ್ ಮೇಲೆ ಹೊದಿಸಿಡಿ. ನೆನೆದು ತಾವಾಗಿ ಜಾರಿ ಹೋಗುತ್ತವೆ.

ಪೆಟ್ರೋಲ್, ಥಿನ್ನರ್, ಕಿಟಕಿ ಗಾಜು ಒರೆಸುವ ಅಮೋನಿಯಾ ಇರುವ ದ್ರಾವಣ, ಇವು ಯಾವುದೂ ವೈಸರ್ ಹತ್ತಿರ ಬರಬಾರದು. ನಾನು ಹಿಂದೊಮ್ಮೆ ಟಾರ್ ಕಲೆ ತೆಗೆಯಲು ಪೆಟ್ರೋಲ್ ಹಾಕಿ ಒರೆಸಿದ್ದೆ. ಕಲೆ ಹೋಯಿತು, ಸ್ವಲ್ಪ ದಿನದಲ್ಲಿ ಸ್ಕ್ರೂ ಹಾಕುವ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಬಂತು. ಅಂಥ ವೈಸರಿಗೆ ಪೆಟ್ಟು ತಡೆಯುವ ಶಕ್ತಿ ಇರುವುದಿಲ್ಲ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಕನ್ನಡಕ ಹಾಕಿಕೊಳ್ಳಿ ಅಂದರೆ ಕೆಲಸದವರು ಕೇಳುವುದಿಲ್ಲ. ಹತ್ತು ನಿಮಿಷಕ್ಕೆ ಒಳಗೆ ಆವಿ ಕಟ್ಟುತ್ತದೆ, ಹೊರಗೆ ಬಿಳಿ ಚುಕ್ಕೆ ಬೀಳುತ್ತದೆ, ಗೊನೆಯೇ ಕಾಣಲ್ಲ ಅಂತ ತೆಗೆದಿಡುತ್ತಾರೆ. ಏನು ಮಾಡೋಣ?

ಉತ್ತರ: ಅವರ ಮಾತಲ್ಲಿ ನ್ಯಾಯ ಇದೆ. ಕಾಣಿಸದ ಕನ್ನಡಕವನ್ನು ಯಾರೂ ಹಾಕಿಕೊಳ್ಳುವುದಿಲ್ಲ. ಹಾಗಂತ ಬಿಟ್ಟುಬಿಡುವ ಹಾಗೂ ಇಲ್ಲ. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಹಾಕಿದ ದ್ರಾವಣ ಈ ಬೋರ್ಡೋ. ಈಗ ದೋಟಿಯಲ್ಲಿ, ಅಂದರೆ ಉದ್ದನೆ ಕೋಲಿನಲ್ಲಿ, ನೆಲದಿಂದಲೇ ಹೊಡೆಯುವವರು ಜಾಸ್ತಿ, ಅವರು ಮುಖ ಮೇಲೆತ್ತಿ ನಿಂತಿರುತ್ತಾರೆ, ಮರದಿಂದ ತೊಟ್ಟಿಕ್ಕುವುದೆಲ್ಲ ನೇರ ಕಣ್ಣಿಗೇ.

ಹೊರಗಿನ ಬಿಳಿ ಚುಕ್ಕೆ ಅಂದರೆ ಸುಣ್ಣ. ಹಸಿ ಇದ್ದಾಗ ಬರೀ ನೀರಿಗೆ ಹೋಗುತ್ತದೆ. ಒಣಗಿದರೆ ಸೀಮೆಸುಣ್ಣದ ಹಾಗೆ ಗಟ್ಟಿ ಹಿಡಿಯುತ್ತದೆ, ಆಗ ಅಂಗಿ ಚುಂಗಿನಲ್ಲಿ ಉಜ್ಜಿದರೆ ಗೀರೇ ಗತಿ. ತೋಟಕ್ಕೆ ಹೋಗುವಾಗ ಒಂದು ಬಾಟಲಿ ಒಳ್ಳೆ ನೀರು ಇಟ್ಟುಕೊಳ್ಳಲಿ. ಬ್ಯಾರಲ್ಲಿಗೆ ದ್ರಾವಣ ತುಂಬಿಸುವ ಹೊತ್ತಿಗೊಮ್ಮೆ ಕೈ ತೊಳೆದುಕೊಂಡು, ಕನ್ನಡಕಕ್ಕೆ ನೀರು ಸುರಿದು, ಕೊಡವಿ ಹಾಕಿಕೊಳ್ಳಲಿ. ಸಂಜೆ ಚುಕ್ಕೆ ಉಳಿದಿದ್ದರೆ ಒಂದು ಲೋಟ ನೀರಿಗೆ ಒಂದು ಚಮಚ ವಿನೆಗರ್ ಹಾಕಿ ಐದು ನಿಮಿಷ ನೆನೆಸಿ. ಲಿಂಬೆರಸವೂ ಆಗುತ್ತದೆ, ಹುಳಿಗೆ ಸುಣ್ಣ ಕರಗುತ್ತದೆ. ಆಮೇಲೆ ಸೋಪು ನೀರಲ್ಲಿ ತೊಳೆಯಿರಿ.

ಒಳಗಿನ ಆವಿ ಮೈಬಿಸಿಯದ್ದು, ಬೆವರಿನದ್ದು. ಮಳೆಗಾಲದ ತಣ್ಣನೆ ಗಾಳಿಗೆ ಕನ್ನಡಕ ತಂಪಾಗಿರುತ್ತದೆ, ಒಳಗಿನ ತೇವ ಅದಕ್ಕೆ ಹನಿಯಾಗಿ ಕೂರುತ್ತದೆ. ಪಕ್ಕದಲ್ಲಿ ಮರೆ ಇರುವ ಗಾಳಿಕಿಂಡಿಯ ಗಾಗಲ್ ಕೇಳಿ ತನ್ನಿ. ಬರೀ ತೂತು ಇರುವುದು ಬೇಡ, ದ್ರಾವಣ ಒಳಗೆ ನುಗ್ಗುತ್ತದೆ. ಬೆಳಿಗ್ಗೆ ಹೊರಡುವ ಮೊದಲು ಒಳಮೈಗೆ ಒಂದು ಹನಿ ಬೇಬಿ ಶಾಂಪೂ ತೆಳ್ಳಗೆ ಸವರಿ, ಒಣಗಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಹಗುರಾಗಿ ಒರೆಸಿ. ತೇವ ಹನಿಗಟ್ಟದೆ ಪೊರೆಯಾಗಿ ಹರಡುತ್ತದೆ, ಸ್ವಲ್ಪ ಹೊತ್ತು ನೋಟ ತಿಳಿಯಾಗಿರುತ್ತದೆ. ಆದರೆ ಒಳಗೆ ಮೊದಲೇ ಮಂಜು ತಡೆಯುವ ಲೇಪ ಇರುವ ಗಾಗಲ್ ಆದರೆ ಏನೂ ಹಚ್ಚಬೇಡಿ. ಒಬ್ಬೊಬ್ಬರಿಗೆ ಎರಡೆರಡು ಜೊತೆ ಕೊಡಿಸಿ. ಒಂದು ಮಸುಕಾದರೆ ಇನ್ನೊಂದು, ಆಗ ತೆಗೆದಿಡಲು ಕಾರಣವೇ ಇರುವುದಿಲ್ಲ. ಇಷ್ಟಾಗಿಯೂ ಕಣ್ಣಿಗೆ ದ್ರಾವಣ ಬಿದ್ದರೆ ತಕ್ಷಣ ಹರಿಯುವ ನೀರಲ್ಲಿ ಕನಿಷ್ಠ 15 ನಿಮಿಷ ತೊಳೆದು ಸೀದಾ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸುಣ್ಣ ಕಣ್ಣನ್ನು ಸುಡುತ್ತದೆ.

ಪ್ರಶ್ನೆ: ವೆಲ್ಡಿಂಗ್ ಶೀಲ್ಡ್‌ನಲ್ಲಿ ಸರಿಯಾಗಿ ಕಾಣುತ್ತಿಲ್ಲ. ಕಪ್ಪು ಗಾಜಿನ ನಂಬರ್ ಕಮ್ಮಿ ಮಾಡಬಹುದಾ?

ಉತ್ತರ: ಆ ನಂಬರ್ ಅಂದರೆ ಗಾಜು ಎಷ್ಟು ಕಪ್ಪು ಅಂತ, ಅದನ್ನು ಮುಟ್ಟಬೇಡಿ. ಕಡ್ಡಿ ವೆಲ್ಡಿಂಗಿಗೆ ಸಾಮಾನ್ಯವಾಗಿ 10 ಅಥವಾ 11 ಇರಬೇಕು. ಮುಂದೆ ಇರುವ ಬಿಳಿ ಗಾಜನ್ನು ತೆಗೆದು ನೋಡಿ, ಕಿಡಿ ಹಾರಿ ಹಾರಿ ಅದರ ಮೈ ಗುಳಿ ಬಿದ್ದಿರುತ್ತದೆ. ಅದನ್ನು ಎಷ್ಟು ತೊಳೆದರೂ ಉಪಯೋಗವಿಲ್ಲ, ಹೊಸದು ಹಾಕಿ, ತುಂಬಾ ಅಗ್ಗ. ಕಪ್ಪು ಗಾಜಲ್ಲಿ ಬಿರುಕು ಕಂಡರೆ ಅವತ್ತೇ ಎಸೆಯಿರಿ. ತಾನೇ ಕಪ್ಪಾಗುವ ಶೀಲ್ಡ್ ಆದರೆ ಮುಂದಿನ ಸೆನ್ಸರ್ ಕಣ್ಣುಗಳನ್ನೂ ಒರೆಸಿಡಿ. ಅವು ಮುಚ್ಚಿಹೋದರೆ ಗಾಜು ಕಪ್ಪಾಗುವುದೇ ಇಲ್ಲ. ಆ ಶೀಲ್ಡನ್ನು ನೀರಲ್ಲಿ ಮಾತ್ರ ಅದ್ದಬೇಡಿ.

ಪ್ರಶ್ನೆ: ಅಮ್ಮನಿಗೆ ಪೊರೆ ಆಪರೇಷನ್ ಆಗಿ ಹೊಸ ಕನ್ನಡಕ ಬಂದಿದೆ. ದಿನಕ್ಕೆ ಹತ್ತು ಸಲ ಸೆರಗಲ್ಲಿ ಒರೆಸುತ್ತಾರೆ. ಮಸುಕು ಅಂತ ಬಿಸಿನೀರಲ್ಲೂ ತೊಳೆದರು. ತೊಂದರೆ ಇದೆಯಾ?

ಉತ್ತರ: ಬಿಸಿನೀರು ನಿಲ್ಲಿಸಿ. ಪ್ಲಾಸ್ಟಿಕ್ ಲೆನ್ಸ್ ಶಾಖಕ್ಕೆ ಹಿಗ್ಗುತ್ತದೆ, ಮೇಲಿನ ಲೇಪ ಅಷ್ಟು ಹಿಗ್ಗುವುದಿಲ್ಲ, ಹಾಗಾಗಿ ಲೇಪದಲ್ಲಿ ಸಣ್ಣ ಸಣ್ಣ ಸೀಳು ಬರುತ್ತದೆ. ಒಲೆ ಪಕ್ಕವೂ ಇಡಬಾರದು. ಸೆರಗಲ್ಲಿ ಅಡುಗೆಮನೆ ಹಿಟ್ಟು, ಎಣ್ಣೆ ಎಲ್ಲಾ ಇರುತ್ತದೆ, ಒರೆಸಿದಷ್ಟೂ ಮಸುಕು. ಅಮ್ಮನಿಗೆ ಬೇಡ ಅಂತ ಹೇಳಿದರೆ ಅಭ್ಯಾಸ ಬಿಡುವುದು ಕಷ್ಟ. ಬೆಳಿಗ್ಗೆ ನೀವೇ ತಣ್ಣೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದುಕೊಡಿ. ಆಪರೇಷನ್ ಆದ ಕಣ್ಣು, ಒದ್ದೆ ಕನ್ನಡಕ ಕೊಡಬೇಡಿ, ಪೂರ್ತಿ ಒರೆಸಿಯೇ ಕೊಡಿ. ಒಂದು ಮೆತ್ತನೆ ಬಟ್ಟೆಯನ್ನು ಅವರ ಸೆರಗಿನ ತುದಿಗೇ ಪಿನ್ ಹಾಕಿ ಸಿಕ್ಕಿಸಿ. ಕೈ ಹೇಗೂ ಅಲ್ಲಿಗೇ ಹೋಗುತ್ತದೆ.